ಕಾಯಕವೂ ಕೃಪೆಯೂ

ನನಗೆ ಅಪ್ಪಣೆಯಾದ ವಿಷಯವನ್ನು ಕುರಿತು ನಾಲ್ಕು ಮಾತುಗಳನ್ನು ಬಿನ್ನವಿಸುತ್ತೇನೆ. ಮನುಷ್ಯನು ತನ್ನ ಪ್ರಯತ್ನವನ್ನು ನಂಬಬೇಕೋ, ದೇವರ ಕೃಪೆಯನ್ನು ನಂಬಬೇಕೋ ಎಂಬುದೇ ಆ ವಿಷಯವು.

ಇದು ಪಂಡಿತರ ವಾದಕ್ಕಾಗಿ ಮಾತ್ರ ಹುಟ್ಟಿದ ಪ್ರಶ್ನೆಯಲ್ಲ. ಕೆಲವು ವರ್ಷಗಳ ಹಿಂದೆ ಯಲಬುರ್ಗಾ ಕಡೆಯ ರೈತನೊಬ್ಬನು ಮಠಕ್ಕೆ ಬಂದು, “ಶಾಸ್ತ್ರಿಗಳೇ, ಎರಡು ವರ್ಷ ಬಿತ್ತಿದ ಬೀಜ ಮಣ್ಣಾಯಿತು. ಶಿವನ ಮನಸ್ಸಿನಲ್ಲಿ ಇಲ್ಲದ್ದನ್ನು ನಾನು ಬಿತ್ತಿ ಏನು ಮಾಡಲಿ? ಈ ಸಲ ಹೊಲವನ್ನು ಬೀಳು ಬಿಡಲೇ?” ಎಂದು ಕೇಳಿದನು. ನಾನು ಪಾಠಶಾಲೆಯಲ್ಲಿ ಕಲಿತಂತೆ, ಫಲವು ಪೂರ್ವಕರ್ಮಾನುಸಾರವಾಗಿ ದೊರೆಯುವುದೆಂದು ಹೇಳಿ ಸುಮ್ಮನಾದೆನು. ಅವನೂ ಮಾತಿಲ್ಲದೆ ಎದ್ದು ಹೋದನು. ಆ ರಾತ್ರಿ ನನಗೆ ನನ್ನ ಉತ್ತರವೇ ಮುಳ್ಳಾಯಿತು. ಇವನ ನಷ್ಟಕ್ಕೆ ಇವನ ಕರ್ಮವೇ ಕಾರಣವೆಂದರೆ, ಗಂಗಾವತಿಯ ಕಾಲುವೆಯ ಕೆಳಗೆ ಭತ್ತ ಬೆಳೆಯುವವನು ಇವನಿಗಿಂತ ಹೆಚ್ಚಿನ ಭಕ್ತನೆಂದು ಹೇಳಿದಂತಾಗಲಿಲ್ಲವೇ? ಕಾಲುವೆಯ ನೀರು ಭಕ್ತಿಯನ್ನು ಅಳೆಯುವ ಕೊಳಗವೇ?

ನಮ್ಮ ಶರಣರು ಈ ತೊಡಕನ್ನು ಹೇಗೆ ಬಿಡಿಸಿದರೆಂಬುದನ್ನು ನೋಡೋಣ. ಆಯ್ದಕ್ಕಿ ಮಾರಯ್ಯನವರೂ ಲಕ್ಕಮ್ಮನವರೂ ನಮ್ಮ ನೆರೆಯ ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದವರು. ನೆಲದ ಮೇಲೆ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದೇ ಅವರ ಕಾಯಕವಾಗಿತ್ತು. ಒಮ್ಮೆ ಮಾರಯ್ಯನವರು ಅನುಭಾವದ ಮಾತುಗಳಲ್ಲಿ ಮೈಮರೆತು ಕಾಯಕಕ್ಕೆ ಹೋಗುವುದನ್ನೇ ಬಿಟ್ಟಾಗ ಸತಿಯು ಅವರನ್ನು ಎಚ್ಚರಿಸಿ ಕಳುಹಿದರು. ಇನ್ನೊಮ್ಮೆ ಅವರು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಇದು ನಮ್ಮದಲ್ಲ, ಇದ್ದಲ್ಲಿಯೇ ಸುರಿದು ಬನ್ನಿರೆಂದು ಹಿಂದಕ್ಕೆ ಕಳುಹಿದರು.

ಈ ಎರಡು ಪ್ರಸಂಗಗಳನ್ನು ಜೊತೆಗೂಡಿಸಿ ನೋಡಬೇಕು. ದೇವರ ಹೆಸರನ್ನು ಹೇಳಿ ಕೈಕಟ್ಟಿ ಕುಳಿತವನಿಗೆ ಮೊದಲನೆಯದು ಉತ್ತರವು. ತನ್ನ ಕೂಡಿಟ್ಟ ರಾಶಿಯನ್ನೇ ದೇವರೆಂದು ನಂಬಿದವನಿಗೆ ಎರಡನೆಯದು ಉತ್ತರವು. ಇಂದು ದುಡಿಯದೆ ಉಣ್ಣಬಾರದು. ನಾಳೆಯ ಭಯದಿಂದ ಇಂದು ಹೆಚ್ಚಾಗಿ ಬಾಚಿಕೊಳ್ಳಲೂಬಾರದು. ಲಕ್ಕಮ್ಮನವರಲ್ಲಿ ದುಡಿಮೆಯೂ ನಂಬುಗೆಯೂ ಒಂದೇ ಬಾಳಿನ ಎರಡು ಮುಖಗಳಾಗಿದ್ದುವು.

ಇದರ ತತ್ತ್ವವು ಪ್ರಸಾದವೆಂಬ ಮಾತಿನಲ್ಲಿ ಅಡಗಿದೆ. ಅಷ್ಟಾವರಣಗಳಲ್ಲಿ ಪ್ರಸಾದವು ಒಂದು. ಷಟ್‌ಸ್ಥಲಗಳಲ್ಲಿ ಭಕ್ತ, ಮಹೇಶರ ಅನಂತರ ಬರುವುದು ಪ್ರಸಾದಿಸ್ಥಲವು. ಭಕ್ತನ ಕೈಯೂ ಬೀಜವೂ ಮಳೆಯೂ ಮೊದಲೇ ಶಿವನು ಕೊಟ್ಟವು. ನಡುವೆ ಇರುವುದು ಭಕ್ತನ ಶ್ರಮವು. ಆ ಶ್ರಮದಿಂದ ಬಂದುದನ್ನು ಗುರು ಲಿಂಗ ಜಂಗಮರಿಗೆ ಅರ್ಪಿಸಿದಾಗ, ತಿರುಗಿ ಕೈಗೆ ಬರುವುದು ಪ್ರಸಾದವು. ಅದು ಕೂಲಿಯಲ್ಲ. ಕೂಲಿಯಾದರೆ ಕಡಿಮೆಯಾದಾಗ ಜಗಳವುಂಟು. ಪ್ರಸಾದವು ಅಲ್ಪವಾದರೂ ಪ್ರಸಾದವೇ.

ಅನ್ಯಮತದವರಿಗೂ ಈ ಪ್ರಶ್ನೆಯು ಬಿಟ್ಟಿಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನ ಕ್ರೈಸ್ತರು ನಮ್ಮ ಸೀಮೆಗೆ ಹತ್ತಿರದ ಗುಳೇದಗುಡ್ಡದಲ್ಲಿಯೂ ಗದಗಿನ ಬೆಟಗೇರಿಯಲ್ಲಿಯೂ ನೆಲೆನಿಂತರು. ಕರಾವಳಿಯಲ್ಲಿ ನೇಯ್ಗೆಯ, ಹೆಂಚಿನ ಕಾರಖಾನೆಗಳನ್ನು ನಡೆಸಿ ಪ್ರಾರ್ಥನೆಯೊಡನೆ ದುಡಿಮೆಯನ್ನೂ ಕಲಿಸಿದರು. ಅವರ ಶಾಸ್ತ್ರದಲ್ಲಿ ಪೌಲನು ವಿಶ್ವಾಸದಿಂದಲೇ ಉದ್ಧಾರವೆನ್ನುತ್ತಾನೆ; ಯಾಕೋಬನು ಕ್ರಿಯೆಯಿಲ್ಲದ ವಿಶ್ವಾಸವು ಜೀವವಿಲ್ಲದ್ದೆನ್ನುತ್ತಾನೆ. ಆ ಪೌಲನಾದರೂ ಡೇರೆ ಮಾಡುವ ಕಸಬಿನಿಂದ ಹೊಟ್ಟೆಹೊರೆದವನು. ದಾರಿಗಳು ಬೇರೆಯಾದರೂ ನೊಗವು ಎರಡು ಎತ್ತುಗಳದೆಂಬುದನ್ನು ಅವರೂ ಕಂಡರು.

ನಮ್ಮ ಕಣ್ಣೆದುರಿನ ನಿದರ್ಶನವೊಂದನ್ನು ಹೇಳುತ್ತೇನೆ. 2024ರ ಆಗಸ್ಟ್ 10ರ ರಾತ್ರಿ, ತುಂಬಿ ನಿಂತಿದ್ದ ತುಂಗಭದ್ರಾ ಜಲಾಶಯದ 33 ಬಾಗಿಲುಗಳಲ್ಲಿ 19ನೆಯದು, ಸರಪಳಿ ಕಡಿದು ಕೊಚ್ಚಿಹೋಯಿತು. ಕಾಲುವೆಯನ್ನೇ ನಂಬಿದ್ದ ರೈತರ ಎದೆ ಒಡೆಯಿತು. ಜನರು ದೇವರಿಗೆ ಮೊರೆಯಿಟ್ಟರು. ಅದೇ ಹೊತ್ತಿನಲ್ಲಿ ಹಿರಿಯ ತಜ್ಞರಾದ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಕೆಲಸಗಾರರು ಹರಿಯುವ ನೀರಿನಲ್ಲಿಯೇ ಉಕ್ಕಿನ ತಡೆಹಲಗೆಗಳನ್ನು ಇಳಿಸಿ, ಒಂದು ವಾರದೊಳಗೆ ಹರಿವನ್ನು ಕಟ್ಟಿದರು. ಅನಂತರದ ಮಳೆಯಿಂದ ನೀರಿನ ಮಟ್ಟವು ಮತ್ತೆ ಏರಿತು. ಹಲಗೆಯನ್ನು ಮಳೆಯು ಇಳಿಸಲಿಲ್ಲ. ಮಳೆಯನ್ನು ಕೆಲಸಗಾರರು ತರಲಿಲ್ಲ. ಮಳೆ ಬಂದರೂ ಬಾಗಿಲು ತೆರೆದೇ ಇದ್ದರೆ ನೀರು ನಿಲ್ಲುತ್ತಿತ್ತೇ? ಬಾಗಿಲು ಮುಚ್ಚಿದರೂ ಮಳೆಯೇ ಬಾರದಿದ್ದರೆ ಜಲಾಶಯವು ತುಂಬುತ್ತಿತ್ತೇ? 2019ರಲ್ಲಿ ಗವಿಮಠದ ಶ್ರೀ ಅಭಿನವ ಗವಿಸಿದ್ಧೇಶ್ವರ ಸ್ವಾಮಿಗಳವರು ತಾವೇ ಹಿರೇಹಳ್ಳಕ್ಕೆ ಇಳಿದು ಜನರೊಡನೆ ಅದನ್ನು ಶುದ್ಧಮಾಡಿಸಿದುದರ ಮರ್ಮವೂ ಇದೇ. ಹಳ್ಳವನ್ನು ಹಸನು ಮಾಡುವುದು ನಮ್ಮ ಪಾಲು, ನೀರು ಬರುವುದು ಅವನ ಪಾಲು.

ಆ ಯಲಬುರ್ಗಾದ ರೈತನ ಮಾತಿಗೆ ತಿರುಗಿ ಬರುತ್ತೇನೆ. ಅವನು ನನ್ನ ಉತ್ತರವನ್ನು ನಂಬಿ ಕೂರಲಿಲ್ಲ. ಸಾಲದ ಬೀಜವನ್ನು ತಂದು ಆ ವರ್ಷವೂ ಬಿತ್ತಿದನು. ಬೆಳೆ ಬಂದುದು ಅಲ್ಪವೇ. ಆದರೂ ಸುಗ್ಗಿಯ ಅನಂತರ ಒಂದು ಸಣ್ಣ ಗಂಟಿನಲ್ಲಿ ಬಿಳಿಜೋಳವನ್ನು ಕಟ್ಟಿಕೊಂಡು ಬಂದು ದಾಸೋಹದ ಉಗ್ರಾಣಕ್ಕೆ ಒಪ್ಪಿಸಿ ಹೋದನು. ನಾನು ಓದಿ ಹೇಳಲಾರದ ಪ್ರಸಾದಿಸ್ಥಲವನ್ನು ಅವನು ಮಾಡಿ ತೋರಿಸಿದನು. ಅಂದು ಅವನಿಗೆ ಕೈಮುಗಿದು ನನ್ನ ತಪ್ಪನ್ನು ಒಪ್ಪಿಕೊಂಡೆನು. ಇಂದು ನಿಮ್ಮೆದುರಿನಲ್ಲಿಯೂ ಒಪ್ಪಿಕೊಳ್ಳುತ್ತೇನೆ.

ಆದುದರಿಂದ ಬಂಧುಗಳೇ, ಬೆಳೆ ಬಾರದವನನ್ನು ಕಂಡು ಅವನಿಗೆ ಭಕ್ತಿ ಸಾಲದೆಂದು ಯಾರೂ ಆಡಬೇಡಿರಿ. ಬೆಳೆ ಬಂದವನು ತನ್ನ ತೋಳಿನ ಬಲವೇ ಎಲ್ಲವೆಂದು ಬೀಗದಿರಲಿ. ಬಿತ್ತಿಯೂ ಬೆಳೆಯದವನ ಮನೆಗೆ ಬೆಳೆದವನ ಕಣದಿಂದ ಕಾಳು ಹೋಗಲಿ. ಹಾಗಾದರೆ ಶಿವನ ಕೃಪೆಯು ನಮ್ಮ ಕೈಗಳ ಮೂಲಕವಾಗಿಯೇ ಅವನ ಹೊಸ್ತಿಲನ್ನು ತಲುಪುವುದು.