ಕೇಕಿಗೆ ರಮ್ ಬದಲು ಏನು?



ಡಿಸೆಂಬರ್ ಬಂತೆಂದರೆ ನಮ್ಮ ಲೈನ್ ಮನೆಗಳಲ್ಲಿ ಕೇಕಿನ ಮಾತು ಏಳುತ್ತದೆ. ಒಣದ್ರಾಕ್ಷಿ ನೆನೆಹಾಕಲು ಒಂದು ಕ್ವಾರ್ಟರ್ ರಮ್ ಬೇಕೇ ಬೇಕು ಎನ್ನುತ್ತಾರೆ. ಯಜಮಾನ ಕುಡಿತ ಬಿಟ್ಟು ಆರು ತಿಂಗಳಾದ ಮನೆಗೆ ಆ ಸೀಸೆ ತರುವವರು ಯಾರು? ಉಳಿದ ಅರ್ಧವನ್ನು ಬಚ್ಚಿಡುವುದಾದರೂ ಎಲ್ಲಿ? ಇದನ್ನೇ ಇಂದು ಮಾತಾಡೋಣವೆಂದು ಬಂದಿದ್ದೇವೆ.

ಬೆಂಕಿಗೆ ಎಲ್ಲಾ ಹಾರಿಹೋಗುತ್ತದೆಂದು ನಾವು ನಂಬಿದ್ದೇವೆ. ಹಾರುವುದು ನಿಜ, ಪೂರ್ತಿ ಅಲ್ಲ. ಹಿಟ್ಟಿನಲ್ಲಿ ಕಲಸಿ ಒಂದು ಗಂಟೆ ಬೇಯಿಸಿದರೂ ಸುಮಾರು ಕಾಲುಭಾಗ ಮದ್ಯಸಾರ ಉಳಿಯುತ್ತದೆಂದು ಅಮೆರಿಕದ ಕೃಷಿ ಇಲಾಖೆಯ ಪಟ್ಟಿ ಹೇಳುತ್ತದೆ. ಬೆಂದ ಕೇಕಿನ ಮೇಲೆ ಚಮಚದಲ್ಲಿ ಹನಿಸಿದ್ದಂತೂ ಹೆಚ್ಚುಕಡಿಮೆ ಹಾಗೆಯೇ ಇರುತ್ತದೆ. ಒಂದು ತುಂಡಿಗೆ ಅಮಲೇರದು, ಸರಿ. ಆದರೆ ಕುಡಿತ ಬಿಡಿಸಲು ವೈದ್ಯರು ಕೊಟ್ಟ ಡೈಸಲ್ಫಿರಾಮ್ ಮಾತ್ರೆ ನುಂಗುತ್ತಿರುವವರಿಗೆ ಅಷ್ಟು ಸ್ವಲ್ಪವೂ ಮುಖ ಕೆಂಪೇರಿಸಿ, ಎದೆ ಬಡಿತ ಹೆಚ್ಚಿಸಿ, ವಾಂತಿ ತರಿಸಬಹುದು. ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರದ ತನಕ ಈ ಭಯ ಇದೆ. ಮಾತ್ರೆ ಇಲ್ಲದವರಿಗೂ ಆ ವಾಸನೆಯೇ ಸಾಕು, ಕಾಲು ಅಂಗಡಿ ಕಡೆಗೆ ತಿರುಗೀತು.

ರಮ್ ಇಲ್ಲದ ಕೇಕೂ ಒಂದು ಕೇಕೇ ಎಂದು ನಗುವವರಿಗೆ ತಲಶ್ಶೇರಿಯ ಕಥೆ ಹೇಳಬೇಕು. 1883ರಲ್ಲಿ ಅಂಜರಕಂಡಿಯ ದಾಲ್ಚಿನ್ನಿ ತೋಟದ ಬ್ರೌನ್ ದೊರೆ, ಬೇಕರಿಯ ಮಂಬಳ್ಳಿ ಬಾಪು ಅವರಿಗೆ ಇಂಗ್ಲೆಂಡಿನ ಕೇಕ್ ತೋರಿಸಿ, ಮಾಹೆಯ ಫ್ರೆಂಚ್ ಬ್ರಾಂದಿ ಹಾಕಿ ಇಂಥದ್ದೇ ಮಾಡು ಎಂದರಂತೆ. ಬಾಪು ಬ್ರಾಂದಿ ಬಿಟ್ಟು ಊರಿನ ಗೇರುಹಣ್ಣು, ಕದಳಿ ಬಾಳೆಯಿಂದ ಇಳಿಸಿದ್ದನ್ನು ಹಾಕಿದರು. ದೊರೆ ಮೆಚ್ಚಿದರಂತೆ. ಅದೂ ಸಾರಾಯಿಯೇ, ನಮಗೆ ಬೇಡ. ಕೈಗೆ ಸಿಕ್ಕಿದ್ದರಲ್ಲೇ ಕೇಕ್ ಆಗುತ್ತದೆ ಎಂಬಷ್ಟನ್ನು ಮಾತ್ರ ತೆಗೆದುಕೊಳ್ಳೋಣ.

ನಮ್ಮ ಕೈಗೆ ಸಿಕ್ಕುವುದು ಟೀ. ಕಾಲು ಕಿಲೋ ಒಣದ್ರಾಕ್ಷಿ, ಹೆಚ್ಚಿದ ಖರ್ಜೂರಕ್ಕೆ ಒಂದು ಲೋಟ ಗಟ್ಟಿ ಡಿಕಾಕ್ಷನ್ ಬಿಸಿಬಿಸಿಯಾಗಿ ಸುರಿಯಿರಿ. ಎರಡು ಚಮಚ ಬೆಲ್ಲದ ಪಾಕ, ಒಂದು ಕಿತ್ತಳೆಯ ರಸ, ಚಿಟಿಕೆ ಚಕ್ಕೆ ಲವಂಗದ ಪುಡಿ ಸೇರಿಸಿ ರಾತ್ರಿಯಿಡೀ ಮುಚ್ಚಿಡಿ. ರಮ್ ಆಗುವುದೂ ಕಬ್ಬಿನ ಕಾಕಂಬಿಯಿಂದಲೇ. ಬೆಲ್ಲ ಅದರ ದಾಯಾದಿ, ಬಣ್ಣ ಪರಿಮಳ ಎರಡೂ ಹತ್ತಿರ ಬರುತ್ತವೆ. ಮಿಕ್ಕ ನೀರನ್ನು ಚೆಲ್ಲದೆ ಹಿಟ್ಟಿಗೇ ಹಾಕಿ.

ಒಂದು ವಿಷಯದಲ್ಲಿ ಮಾತ್ರ ರಮ್ಮಿಗೆ ಬದಲಿಲ್ಲ. ಅದು ಹಣ್ಣನ್ನು ತಿಂಗಳುಗಟ್ಟಲೆ ಕೆಡದಂತೆ ಕಾಯುತ್ತದೆ, ಟೀ ಕಾಯುವುದಿಲ್ಲ. ರಸದಲ್ಲಿ ನೆನೆದ ಹಣ್ಣನ್ನು ವಾರಗಟ್ಟಲೆ ಅಲಮಾರಿನಲ್ಲಿಟ್ಟರೆ ಅದು ತಾನೇ ಹುಳಿತು ಹೆಂಡವಾದೀತು! ಆದ್ದರಿಂದ 22ಕ್ಕೆ ನೆನೆಹಾಕಿ, 23ಕ್ಕೆ ಬೇಯಿಸಿ, ನಾಲ್ಕೈದು ದಿನದಲ್ಲಿ ತಿಂದು ಮುಗಿಸಿ. ಶುಂಠಿ ವೈನಿಗೂ ಇದೇ ಲೆಕ್ಕ: ಶುಂಠಿ, ಲವಂಗ, ಸಕ್ಕರೆ ಕುದಿಸಿ, ಆರಿದ ಮೇಲೆ ನಿಂಬೆ ಹಿಂಡಿ, ಈಸ್ಟ್ ಹಾಕದೆ ಅಂದೇ ಕುಡಿಯಿರಿ.

ನೆರೆಮನೆಯಿಂದ ತಟ್ಟೆ ಬಂದರೆ ರಮ್ ಹಾಕಿದ್ದೀರಾ ಅಕ್ಕಾ ಎಂದು ಕೇಳಿ. ನಾವು ಕೊಡುವಾಗಲೂ ಏನು ಹಾಕಿದ್ದೇವೆಂದು ಹೇಳಿಯೇ ಕೊಡೋಣ.