ಗುರುವಾರದ ಅಂಕಿ

ಅಂಕಿಅಂಶ ಅಂದರೆ ಆಕಳಿಸುವವರೇ ಹೆಚ್ಚು. ನನಗೋ, ಒಂದು ಅಂಕಿಯ ಮೇಲೆ ಬಹಳ ವರ್ಷಗಳಿಂದ ಮೋಹ. ಗುರುವಾರ ಬಂತೆಂದರೆ ಅಮೆರಿಕದ ಕಾರ್ಮಿಕ ಇಲಾಖೆ ಬೆಳಗ್ಗೆ 8.30ಕ್ಕೆ ಅದನ್ನು ಪ್ರಕಟಿಸುತ್ತದೆ. ನಮ್ಮಲ್ಲಿ ಆಗ ಸಂಜೆ ಆರೋ ಏಳೋ ಗಂಟೆ. ಹಿಂದಿನ ವಾರ ಕೆಲಸ ಕಳೆದುಕೊಂಡು, ನಿರುದ್ಯೋಗ ಭತ್ಯೆಗೆ ಹೊಸದಾಗಿ ಅರ್ಜಿ ಹಾಕಿದವರು ಎಷ್ಟು ಮಂದಿ? ಅದರಲ್ಲಿರುವುದು ಇಷ್ಟೇ. ಷೇರುಪೇಟೆಯವರು, ಬಡ್ಡಿದರ ನಿಗದಿ ಮಾಡುವವರು ಎಲ್ಲರೂ ಅದಕ್ಕೆ ಕಾದು ಕೂತಿರುತ್ತಾರೆ.

ಆದರೆ ಅದು ಹುಟ್ಟಿದ್ದು ಅವರಿಗಾಗಿ ಅಲ್ಲ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಜಾನ್ ಕಾಮನ್ಸ್ ಅಂತ ಒಬ್ಬ ಮೇಷ್ಟ್ರಿದ್ದರು. ಕಾರ್ಖಾನೆಯಲ್ಲಿ ಕೈ ಕತ್ತರಿಸಿದರೆ ಮಾಲೀಕ ಪರಿಹಾರ ಕೊಡಬೇಕು ಅಂತ ಕಾನೂನು ಬಂದ ಮೇಲೆ ಮಾಲೀಕರು ಅಪಘಾತ ತಡೆಯುವ ಬಗ್ಗೆ ಯೋಚಿಸತೊಡಗಿದರಲ್ಲ, ಕೆಲಸದಿಂದ ತೆಗೆಯುವುದಕ್ಕೂ ದುಡ್ಡು ಕಟ್ಟಬೇಕು ಅಂದರೆ ಆಗಲೂ ಯೋಚಿಸುತ್ತಾರೆ ಅನ್ನುವುದು ಅವರ ತರ್ಕ. ಆ ತರ್ಕದ ಮಸೂದೆ ಮೊದಲು ಮಂಡನೆಯಾದದ್ದು 1921ರಲ್ಲಿ. ಬಿದ್ದುಹೋಯಿತು. ಮತ್ತೆ ಮತ್ತೆ ಬಿತ್ತು. ಮೇಷ್ಟ್ರ ಶಿಷ್ಯರು ಬಿಡಲಿಲ್ಲ. 1932ರ ಜನವರಿಯಲ್ಲಿ, ಮಹಾ ಆರ್ಥಿಕ ಕುಸಿತದ ನಡುವೆ, ವಿಸ್ಕಾನ್ಸಿನ್ ಆ ದೇಶದ ಮೊದಲ ನಿರುದ್ಯೋಗ ವಿಮೆ ಕಾನೂನು ಮಾಡಿತು.

ಈಗ ನನಗೆ ಬಹಳ ಇಷ್ಟವಾದ ಕತೆ. 1936ರ ಆಗಸ್ಟ್ 17. ಮ್ಯಾಡಿಸನ್ ಊರಿನ ನೀಲ್ಸ್ ರೂಡ್ ಎಂಬ ಕೆಲಸಗಾರನಿಗೆ ದೇಶದ ಮೊತ್ತಮೊದಲ ನಿರುದ್ಯೋಗ ಭತ್ಯೆಯ ಚೆಕ್ ಬಂತು. 15 ಡಾಲರ್. ಯೋಜನೆಯ ಉಸ್ತುವಾರಿ ಹೊತ್ತಿದ್ದವರು ಪಾಲ್ ರೌಶೆನ್‌ಬುಷ್, ಕಾನೂನಿಗಾಗಿ ಹೆಂಡತಿ ಎಲಿಜಬೆತ್ ಬ್ರಾಂಡೈಸ್ ಜೊತೆ ದುಡಿದಿದ್ದ ಮನುಷ್ಯ. ಅವರು ಏನು ಮಾಡಿದರು ಗೊತ್ತೆ? ಆ ಚೆಕ್ಕನ್ನು ಬ್ಯಾಂಕಿಗೆ ಹೋಗಲು ಬಿಡದೆ 25 ಡಾಲರ್ ಕೊಟ್ಟು ತಾವೇ ಕೊಂಡುಕೊಂಡರು! ಸರ್ಕಾರಿ ಚೆಕ್ಕನ್ನು ಮೌಲ್ಯಕ್ಕಿಂತ 10 ಡಾಲರ್ ಹೆಚ್ಚಿಗೆ ಮಾರಿದ ನಿರುದ್ಯೋಗಿ ಇನ್ನೊಬ್ಬ ಇದ್ದಾನೋ ಇಲ್ಲವೋ. ಆ ಚೆಕ್ ಈಗ ವಿಸ್ಕಾನ್ಸಿನ್ ಇತಿಹಾಸ ಸಂಘದ ಸಂಗ್ರಹದಲ್ಲಿದೆ.

ಅಷ್ಟರಲ್ಲಿ, 1935ರಲ್ಲಿ, ಅಧ್ಯಕ್ಷ ರೂಸ್‌ವೆಲ್ಟ್ ನಿರುದ್ಯೋಗ ವಿಮೆಯನ್ನು ದೇಶಕ್ಕೆಲ್ಲ ಹರಡಿದ ಸಾಮಾಜಿಕ ಭದ್ರತಾ ಕಾಯ್ದೆಗೆ ಸಹಿ ಹಾಕಿಯಾಗಿತ್ತು. ಮುಂದಿನ ಮೂವತ್ತು ವರ್ಷ ಬಿಡಿ, ಬರೀ ಕಚೇರಿ ಕಡತ. ಇವತ್ತು ನಾವು ನೋಡುವ ವಾರದ ಸರಣಿ 1967ರಿಂದ ಸಿಗುತ್ತದೆ.

ಅರ್ಥಶಾಸ್ತ್ರಜ್ಞರು ಇದಕ್ಕೆ ಮರುಳಾದದ್ದು ಯಾಕೆಂದರೆ ಇದು ಅಂದಾಜಲ್ಲ. ಯಾರನ್ನೂ ಫೋನು ಮಾಡಿ ಕೇಳುವುದಿಲ್ಲ. ಕೆಲಸ ಹೋದವರು ತಾವೇ ಬಂದು ಎಣಿಕೆಗೆ ಸಿಗುತ್ತಾರೆ, ಅದೂ ವಾರ ವಾರ. ಹಬ್ಬದ ರಜೆ, ಚಂಡಮಾರುತ ಬಂದಾಗ ಅಂಕಿ ಕುಣಿಯುತ್ತದೆ, ಅದಕ್ಕೇ ನಾಲ್ಕು ವಾರದ ಸರಾಸರಿ ನೋಡುತ್ತಾರೆ. 2009ರ ವಸಂತದಲ್ಲಿ ಆರೂವರೆ ಲಕ್ಷ ದಾಟಿದ್ದ ಅರ್ಜಿಗಳು ಇಳಿಯತೊಡಗಿದಾಗ ರಾಬರ್ಟ್ ಗಾರ್ಡನ್ ಎಂಬ ಪ್ರಾಧ್ಯಾಪಕರು ಆರ್ಥಿಕ ಹಿಂಜರಿತ ಮುಗಿಯುತ್ತಾ ಬಂತು ಅಂದುಬಿಟ್ಟರು. ಆ ಜೂನ್‌ಗೇ ಮುಗಿದಿತ್ತು ಅಂತ ಅಧಿಕೃತವಾಗಿ ಘೋಷಣೆಯಾದದ್ದು 2010ರ ಸೆಪ್ಟೆಂಬರ್‌ನಲ್ಲಿ!

ಕೋವಿಡ್ ಬಂದಾಗ ಈ ಅಂಕಿ ಹುಚ್ಚೆದ್ದಿತು. ಅಲ್ಲಿಯವರೆಗಿನ ದಾಖಲೆ 1982ರ ಅಕ್ಟೋಬರ್‌ನ 6,95,000. 2020ರ ಮಾರ್ಚ್‌ನಲ್ಲಿ ಒಂದು ವಾರ ಮೂರು ಲಕ್ಷದೊಳಗಿದ್ದದ್ದು, ಎರಡು ವಾರ ಕಳೆಯುವುದರೊಳಗೆ 60 ಲಕ್ಷ ದಾಟಿತು. ಅರ್ಜಿ ಪಡೆಯುವ ಕಂಪ್ಯೂಟರುಗಳು ಕೈಕೊಟ್ಟವು. ಕೋಬಾಲ್ ಎಂಬ ಹಳೆಯ ಕಂಪ್ಯೂಟರ್ ಭಾಷೆ ಬಲ್ಲವರಿದ್ದರೆ ಬನ್ನಿ ಎಂದು ನ್ಯೂಜೆರ್ಸಿಯ ಗವರ್ನರ್ ಮೊರೆಯಿಟ್ಟರು.

ಹಾಗಂತ ಈ ಅಂಕಿಯನ್ನು ಪೂರ್ತಿ ನಂಬಬೇಡಿ. ಅದು ಕೆಲಸ ಹೋದದ್ದನ್ನು ಹೇಳುತ್ತದೆ, ಕೆಲಸ ಸಿಗುತ್ತಿದೆಯೇ ಅಂತ ಹೇಳುವುದಿಲ್ಲ. ಅರ್ಹತೆ ಇಲ್ಲವೆಂದು ಅರ್ಜಿಯನ್ನೇ ಹಾಕದವರು ಅದರ ಕಣ್ಣಿಗೇ ಬೀಳುವುದಿಲ್ಲ. 1935ರಲ್ಲಿ ಹೊಲದ ಕೂಲಿಗಳನ್ನೂ ಮನೆಗೆಲಸದವರನ್ನೂ ಹೊರಗಿಟ್ಟರು; ಅವರಲ್ಲಿ ಕಪ್ಪುಜನರು ಬಹಳ. ಇವತ್ತು ಎಚ್‌-1ಬಿ ವೀಸಾದ ಮೇಲೆ ಹೋದ ನಮ್ಮ ಬೆಂಗಳೂರು, ಮೈಸೂರಿನ ಮಕ್ಕಳಿಗೆ ಕೆಲಸ ಹೋದರೆ ಬೇರೆ ಕೆಲಸ ಹುಡುಕಲು ಸಾಮಾನ್ಯವಾಗಿ 60 ದಿನದ ಗಡುವು. ಬಹುತೇಕರಿಗೆ ಭತ್ಯೆ ಸಿಗದು; ಹಾಗಾಗಿ ಅರ್ಜಿ ಹಾಕದವರು ಗುರುವಾರದ ಲೆಕ್ಕಕ್ಕೂ ಇಲ್ಲ.

ನಮ್ಮ ದೇಶದಲ್ಲಿ ಇಂಥ ಅಂಕಿ ಯಾಕಿಲ್ಲ? ಇಎಸ್‌ಐ ವಿಮೆ ಇರುವವರಿಗೆ 2018ರಲ್ಲಿ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆ ಬಂತು, ಗರಿಷ್ಠ 90 ದಿನದ ನೆರವು. ಗಾರೆಯವರು, ಮನೆಗೆಲಸದವರು ಅದರಾಚೆ. 2025ರಿಂದ ತಿಂಗಳಿಗೊಮ್ಮೆ ಉದ್ಯೋಗ ಸಮೀಕ್ಷೆಯ ವರದಿ ಬರುತ್ತಿದೆ, ಸಂತೋಷ. ಆದರೆ ಜನ ತಾವಾಗಿ ಬಂದು ಲೆಕ್ಕಕ್ಕೆ ಸಿಗಬೇಕಾದರೆ ಕೌಂಟರಿನಲ್ಲಿ ಅವರಿಗೆ ಕೊಡುವುದಕ್ಕೆ ಹಣ ಇರಬೇಕಲ್ಲವೇ? ವಾರದ ಅಂಕಿ ಬೇಕು ಅನ್ನುವವರು ಮೊದಲು ಆ ಹಣಕ್ಕಾಗಿ ಜಗಳ ಆಡಲಿ. ಕಾಮನ್ಸ್ ಮೇಷ್ಟ್ರಿಗೂ ಶಿಷ್ಯರಿಗೂ ಅದಕ್ಕೇ ಹನ್ನೊಂದು ವರ್ಷ ಹಿಡಿಯಿತು.