ಉಗಿಬಂಡಿಗೆ ಬೆಂಕಿ ಹಾಕೋರು ಯಾರು?

ಇವತ್ತು ರಾಜಕೀಯ ಬೇಡ. ಒಂದು ಇಂಜಿನ್ ಬಗ್ಗೆ ಮಾತಾಡೋಣ.

ಚಾಮರಾಜನಗರ ಅಂದ ತಕ್ಷಣ ಟಿವಿ ನೋಡೋರಿಗೆ ನೆನಪಾಗೋದು ಒಂದು ಮೂಢನಂಬಿಕೆ. ಅಲ್ಲಿಗೆ ಹೋದ ಮುಖ್ಯಮಂತ್ರಿ ಕುರ್ಚಿ ಕಳೆದುಕೊಳ್ತಾರೆ ಅನ್ನೋದು. ಮುಖ್ಯಮಂತ್ರಿಗಳು ಬರೋಕೆ ಹಿಂದೆ ಮುಂದೆ ನೋಡಿದ ಆ ಊರಿಗೆ ಉಗಿ ರೈಲು ಮಾತ್ರ ಮಹಾರಾಜರ ಕಾಲದಲ್ಲೇ ಧೈರ್ಯವಾಗಿ ಬಂದಿತ್ತು. ಮೈಸೂರಿನಿಂದ ನಂಜನಗೂಡಿಗೆ 1891ರಲ್ಲಿ ಹಳಿ ಬಂತು. 1920ರ ದಶಕದಲ್ಲಿ ಅದು ಚಾಮರಾಜನಗರ ಮುಟ್ಟಿತು. ದಾರಿಯಲ್ಲಿ ರೈಲು ಕಪಿಲಾ ನದಿಯನ್ನು ದಾಟುತ್ತಿದ್ದದ್ದು ಯಾವ ಸೇತುವೆ ಮೇಲೆ ಗೊತ್ತಾ? ದಳವಾಯಿ ದೇವರಾಜಯ್ಯ 1735ರಲ್ಲಿ ಕಟ್ಟಿಸಿದ ಕಲ್ಲಿನ ಸೇತುವೆ ಮೇಲೆ! ರೈಲು ಇಂಜಿನ್ನೇ ಹುಟ್ಟಿರದ ಕಾಲದಲ್ಲಿ ಕಟ್ಟಿದ ಸೇತುವೆ, ನೂರು ವರ್ಷಕ್ಕೂ ಹೆಚ್ಚು ಕಾಲ ರೈಲು ಹೊತ್ತಿತು.

ಸೇತುವೆ ಉಳೀತು. ಉಗಿ ಇಂಜಿನ್ ಹೋಯ್ತು. ಡೀಸೆಲ್ ಬಂತು, ಬ್ರಾಡ್ ಗೇಜ್ ಬಂತು. ಬರಬೇಕಾದದ್ದೇ, ಬೇಸರವಿಲ್ಲ. ಕೆಲವು ಹಳೇ ಇಂಜಿನ್‌ಗಳು 1979ರಲ್ಲಿ ಶುರುವಾದ ಮೈಸೂರಿನ ರೈಲ್ವೆ ಮ್ಯೂಸಿಯಂನಲ್ಲಿ ನಿಂತಿವೆ. ಬಣ್ಣ ಹಚ್ಚಿದ್ದಾರೆ, ಮಕ್ಕಳು ಸೆಲ್ಫಿ ತಗೋತಾರೆ. ಆದರೆ ಉಗಿ ಇಂಜಿನ್ ಅನ್ನೋದು ಬೆಂಕಿ, ನೀರು ಸೇರಿದಾಗಲೇ ಇಂಜಿನ್. ಇಲ್ಲದಿದ್ದರೆ ಅದು ಉತ್ಸವ ನಿಂತುಹೋದ ಊರಿನ ತೇರು.

ಈಗ ಬ್ರಿಟನ್ ಕಡೆ ನೋಡಿ. ವೇಲ್ಸ್ ಪ್ರಾಂತ್ಯದಲ್ಲಿ ಟ್ಯಾಲಿಲಿನ್ ಅಂತ ಒಂದು ಪುಟ್ಟ ರೈಲು ಮಾರ್ಗ. ಇನ್ನೇನು ಮುಚ್ಚಬೇಕು ಅನ್ನೋ ಹೊತ್ತಿಗೆ, 1951ರಲ್ಲಿ, ಜನರೇ ಅದನ್ನು ಕೈಗೆತ್ತಿಕೊಂಡರು. ಸಂಬಳ ಕೇಳದ ಸ್ವಯಂಸೇವಕರು ನಡೆಸಿದ ಜಗತ್ತಿನ ಮೊದಲ ರೈಲು ಅದು. ಅವತ್ತು ಅವರ ಹತ್ತಿರ ಓಡುವ ಸ್ಥಿತಿಯಲ್ಲಿದ್ದದ್ದು ಒಂದೇ ಒಂದು ಮುದಿ ಇಂಜಿನ್. ರೈಲು ಇವತ್ತಿಗೂ ಓಡ್ತಿದೆ. ಅದೇ ವೇಲ್ಸ್‌ನ ಬ್ಯಾರಿಯಲ್ಲಿ ಒಂದು ಗುಜರಿ ಅಂಗಳವಿತ್ತು. ಅಲ್ಲಿ ತುಕ್ಕು ಹಿಡಿಯುತ್ತಿದ್ದ 213 ಇಂಜಿನ್‌ಗಳನ್ನು ಜನ ಚಂದಾ ಎತ್ತಿ ಕೊಂಡು ಬಿಡಿಸಿಕೊಂಡು ಹೋದರು. ಎಷ್ಟೋ ಇಂಜಿನ್‌ಗಳಿಗೆ ಮತ್ತೆ ಜೀವ ಬರಿಸಿದರು. ಸರ್ಕಾರ ಮಾಡಿದ ಕೆಲಸ ಅಲ್ಲ ರೀ ಅದು. ವಾರವಿಡೀ ಬೇರೆ ಕೆಲಸ ಮಾಡಿ, ಭಾನುವಾರ ಮೈಯೆಲ್ಲಾ ಗ್ರೀಸು ಬಳಿದುಕೊಂಡವರು ಮಾಡಿದ್ದು.

ನಮ್ಮಲ್ಲಿ ಆಗಲ್ವಾ? ಗುಂಡ್ಲುಪೇಟೆಯವರನ್ನೇ ಕೇಳಿ. ಅವರ ಊರಿಗೆ ಇವತ್ತಿಗೂ ರೈಲಿಲ್ಲ. ಆದರೆ ಬಂಡೀಪುರ, ಮುದುಮಲೈ ದಾಟಿ ನೀಲಗಿರಿ ಹತ್ತಿದರೆ, ಮೆಟ್ಟುಪಾಳ್ಯ–ಕೂನೂರು ನಡುವೆ ಉಗಿ ಇಂಜಿನ್ ಹಲ್ಲಿನ ಹಳಿ ಕಚ್ಚಿಕೊಂಡು ಬೋಗಿಗಳನ್ನು ಹಿಂದಿನಿಂದ ತಳ್ಳುತ್ತಾ ಬೆಟ್ಟ ಏರುತ್ತೆ. ಆ ಮಾರ್ಗ 2005ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಸ್ವಿಟ್ಜರ್ಲೆಂಡ್‌ನಿಂದ ಬಂದ ಹಳೇ ಇಂಜಿನ್‌ಗಳಿಗೆ ವಯಸ್ಸಾದಾಗ, ತಿರುಚಿನಾಪಳ್ಳಿಯ ಗೋಲ್ಡನ್ ರಾಕ್ ಕಾರ್ಯಾಗಾರದವರು ಹೊಸ ಉಗಿ ಇಂಜಿನ್ನನ್ನೇ ಕಟ್ಟಿ ನಿಲ್ಲಿಸಿದರು. ಅಂದರೆ ವಿದ್ಯೆ ನಮ್ಮ ದೇಶದಲ್ಲೇ ಇದೆ.

ನನ್ನ ಆತಂಕ ಇರೋದು ಆ ವಿದ್ಯೆಯ ಬಗ್ಗೆಯೇ. ತಣ್ಣಗಿರುವ ಉಗಿ ಇಂಜಿನ್ ಕೀಲಿ ತಿರುಗಿಸಿದರೆ ಹೊರಡಲ್ಲ. ಗಂಟೆಗಟ್ಟಲೆ ಮೊದಲೇ ಬೆಂಕಿ ಹಾಕಬೇಕು. ಕಲ್ಲಿದ್ದಲನ್ನು ಎಲ್ಲಿ ತೆಳುವಾಗಿ, ಎಲ್ಲಿ ದಪ್ಪವಾಗಿ ಹರಡಬೇಕು ಅಂತ ಕೈಗೆ ಗೊತ್ತಿರಬೇಕು. ಬಾಯ್ಲರ್‌ನಲ್ಲಿ ನೀರಿನ ಮಟ್ಟ ಇಳಿದರೆ ಪ್ರಾಣಕ್ಕೇ ಕುತ್ತು. ಒಳಗಿನ ಪಾಚು ತೊಳೆಯಬೇಕು, ಕೊಳವೆ ಸೋರುತ್ತಾ ನೋಡಬೇಕು. ಇದೆಲ್ಲ ಪುಸ್ತಕ ಓದಿ ಬರೋದಲ್ಲ. ಗುರುವಿನ ಪಕ್ಕ ನಿಂತು ಕಲಿಯೋದು. 1990ರಲ್ಲಿ ಇಪ್ಪತ್ತೈದರ ಹರೆಯದಲ್ಲಿದ್ದ ಫೈರ್‌ಮನ್‌ಗೆ ಇವತ್ತು ಅರವತ್ತರ ಆಸುಪಾಸು. ಅವರಿಗಿಂತ ಹಿರಿಯರು ಎಷ್ಟು ಜನ ಉಳಿದಿದ್ದಾರೆ? ಇಂಜಿನ್ ತುಕ್ಕು ಹಿಡಿದರೆ ಉಜ್ಜಬಹುದು. ಆ ಯಜಮಾನರು ಹೋದ ಮೇಲೆ ಏನನ್ನು ಉಜ್ಜುತ್ತೀರಿ?

‘ಬದುಕಿರೋರಿಗೇ ರೈಲಿಲ್ಲ, ಸತ್ತ ಇಂಜಿನ್ ಕಥೆ ಯಾಕಪ್ಪಾ’ ಅಂತ ಗುಂಡ್ಲುಪೇಟೆಯ ಹಿರಿಯರೊಬ್ಬರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಹೊಸ ಹಳಿ ಕೇಳಿ, ಗಟ್ಟಿಯಾಗಿ ಕೇಳಿ. ನಾನೂ ದನಿಗೂಡಿಸ್ತೀನಿ. ಆದರೆ ಹೊಸ ಮಾರ್ಗಕ್ಕೆ ಕೋಟಿ ಕೋಟಿ ಬೇಕು, ಕಾಡಿನ ಅನುಮತಿ ಬೇಕು. ಈ ಕೆಲಸಕ್ಕೆ ಮೊದಲು ಬೇಕಾಗಿರೋದು ಭಾನುವಾರ, ಎಣ್ಣೆ, ಬಟ್ಟೆ ಮತ್ತು ಒಂದು ಅನುಮತಿ ಪತ್ರ. ನಾಳೆಯೇ ಬಾಯ್ಲರ್‌ಗೆ ಬೆಂಕಿ ಹಾಕಿ ಅಂತ ಯಾರಿಗೂ ಹೇಳ್ತಿಲ್ಲ. ಅದು ತಜ್ಞರ ತಪಾಸಣೆ ಆಗದೆ ಮುಟ್ಟಬಾರದ ಕೆಲಸ. ಮೊದಲು ತುಕ್ಕು ತೆಗೆಯೋಣ. ಐಟಿಐ ಹುಡುಗರನ್ನ ನಿವೃತ್ತ ರೈಲ್ವೆ ನೌಕರರ ಪಕ್ಕ ಕೂರಿಸೋಣ. ಅವರ ಮಾತನ್ನ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡೋಣ.

ರೈಲ್ವೆ ಅಧಿಕಾರಿಗಳೇ, ಹಣ ಬೇಡ, ಗೇಟು ತೆಗೀರಿ. ಚಾಮರಾಜನಗರದ ಯುವಕರೇ, ನಿಮ್ಮ ಬೀದಿಯಲ್ಲಿ ಒಬ್ಬ ಹಳೇ ಫೈರ್‌ಮನ್ ಇದ್ದರೆ ಇವತ್ತೇ ಹೋಗಿ ಮಾತಾಡಿಸಿ. ನಾಳೆ ಅಂದ್ರೆ ತಡವಾದೀತು.